ಹೂಂ ಎನ್ನುವವನ ಹುದ್ದೆ

ಹೂಂ ಎನ್ನಲು ವಿದ್ಯೆ ಬೇಕಿಲ್ಲ, ಬಾಯಿ ತೆರೆಯುವ ಶ್ರಮವೂ ಇಲ್ಲ. ತುಟಿ ಮುಚ್ಚಿಕೊಂಡೇ ಮೂಗಿನಲ್ಲಿ ಮುಗಿಸಬಹುದಾದ ಈ ಕೆಲಸದಲ್ಲಿ ಮನುಷ್ಯ ತಪ್ಪುವುದಾದರೂ ಹೇಗೆ ಎಂದು ನೀವು ಕೇಳಬಹುದು. ಸೊಲ್ಲಾಪುರದ ಒಂದು ಕಚೇರಿಯಲ್ಲಿ ಮೂರು ದಶಕ ಸಾಹೇಬರುಗಳ ಮುಂದೆ ಇದೊಂದನ್ನೇ ಅನ್ನುತ್ತ ಹೆಡ್ ಕ್ಲಾರ್ಕ್ ಪದವಿಗೇರಿ, ಶಾಲು ಹೊದೆಸಿಕೊಂಡು ನಿವೃತ್ತನಾದ ನಾನೂ ಹಾಗೆಯೇ ತಿಳಿದಿದ್ದೆ, ಎಂಟು ವರ್ಷದ ಮೊಮ್ಮಗಳು ಮುಕ್ತಾ ನನ್ನನ್ನು ಆ ಕೆಲಸದಿಂದ ವಜಾ ಮಾಡುವ ತನಕ.

ನಮ್ಮ ಮೂಲ ಊರು ಅಕ್ಕಲಕೋಟೆ ತಾಲೂಕಿನ ವಾಗದರಿ. ಅಲ್ಲಿ ಶ್ರಾವಣ ಬಂತೆಂದರೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಮುತ್ಯಾ, ಎಂದರೆ ತಂದೆಯ ತಂದೆ, ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಪುರಾಣ ಓದುತ್ತಿದ್ದರು. ಕೇಳುವವರು ಎಷ್ಟು ಮಂದಿಯಿದ್ದರೂ ಹೂಂ ಎನ್ನುವವನು ಒಬ್ಬನೇ. ಅದು ನೇಮಕವಾದ ಹುದ್ದೆ. ಅವನ ಹೂಂ ನಿಂತರೆ ಮುತ್ಯಾನ ಓದೂ ನಿಲ್ಲುತ್ತಿತ್ತು. ಪುಸ್ತಕ ಮಡಚಿ, ಕನ್ನಡಕ ಹಣೆಗೇರಿಸಿ, "ಗ್ವಾಡಿಗೆ ಓದ್ಲೇನು?" ಎಂದು ಎದುರಿನ ಗೋಡೆ ತೋರಿಸಿ ಒಂದೇ ಮಾತು ಕೇಳುತ್ತಿದ್ದರು. ಆಮೇಲೆ ರಾಕ್ಷಸನ ಕತ್ತಿನ ಮೇಲೆ ಎತ್ತಿದ ಖಡ್ಗ ಮರುದಿನದವರೆಗೆ ಎತ್ತಿದಂತೆಯೇ ಇರುತ್ತಿತ್ತು. ನಾನು ಏಳನೆಯ ವಯಸ್ಸಿಗೆ ಆ ಹುದ್ದೆಗೆ ಏರಿದೆ. ಸಂಬಳ ಒಂದು ಮುಷ್ಟಿ ಪುಠಾಣಿ, ಎಂದರೆ ಹುರಿಗಡಲೆ, ಮೇಲೊಂದು ಬೆಲ್ಲದ ಚೂರು. ನನಗೆ ಬರುವ ಕನ್ನಡದ ಬಹುಪಾಲು ಹೀಗೆ ಬೆಲ್ಲ ಚೀಪುತ್ತ ಕಿವಿಯಿಂದ ಒಳಗಿಳಿದದ್ದು.

ಮುಕ್ತಾಳದು ಬೇರೆ ಕಥೆ. ಸಾಲೆಯಲ್ಲಿ ಇಂಗ್ಲಿಷ್, ಓಣಿಯಲ್ಲಿ ಮರಾಠಿ. ಕನ್ನಡ ಬರುವುದು ನನ್ನ ಮೇಲೆ ಸಿಟ್ಟು ಬಂದಾಗ ಮಾತ್ರ. ಬೇಸಿಗೆಯ ಸೂಟಿಯಲ್ಲಿ ಅವಳಿಗೆ ಅಕ್ಷರ ಕಲಿಸಿ, ದಿನಾ ಸಂಜೆ ಆರರಿಂದ ಏಳು ಕನ್ನಡ ಓದುವ ತಾಸೆಂದು ಘೋಷಿಸಿದೆ. ಸೊಸೆ ಸ್ವಪ್ನಾಲಿ ಬಾರ್ಶಿಯ ಮರಾಠಿ ಮನೆತನದವಳು, ನಮ್ಮ ಮಾತನ್ನು ನಮ್ಮಲ್ಲೇ ಕಲಿತವಳು, ನ್ಯಾಯವಂತೆ. "ದಿವಾಳಿ ಹಬ್ಬದ ತನಕ ನೋಡೋಣ್ರಿ ಬಾಬಾ. ಆಕಿಗಿ ರುಚಿ ಹತ್ತಲಿಲ್ಲಂದ್ರ ಆ ತಾಸಿಗೆ ಅಬ್ಯಾಕಸ್ ಹಚ್ತೀನಿ," ಎಂದಳು. ಹೀಗೆ ವಾಗದರಿಯ ಪಡಸಾಲೆಯಿಂದ ಹರಿದು ಬಂದದ್ದೆಲ್ಲ ಒಂದು ತಾಸಿನ ಗಡಿಯಾರಕ್ಕೆ ಜೋತುಬಿತ್ತು.

ಮಗುವಿಗೆ ಓದಿನ ರುಚಿ ಹತ್ತಿಸುವುದು ಹೇಗೆಂಬ ಉಪದೇಶಾಮೃತವನ್ನೂ ಸ್ವಪ್ನಾಲಿಯೇ ಮೊಬೈಲಿನಿಂದ ತೆಗೆದುಕೊಟ್ಟಳು. ದನಿ ಬದಲಿಸಿ ಓದಿರಿ, ನಡುನಡುವೆ ಪ್ರಶ್ನೆ ಕೇಳಿರಿ, ಕೈಗೊಂಬೆ ಕುಣಿಸಿರಿ. ನಾನು ಕಚೇರಿಯ ಸುತ್ತೋಲೆಯನ್ನು ಪಾಲಿಸುವ ಶ್ರದ್ಧೆಯಿಂದ ಎಲ್ಲವನ್ನೂ ಪಾಲಿಸಿದೆ. ಹುಲಿಯ ದನಿಯಲ್ಲಿ ಓದಿದ್ದಕ್ಕೆ ಪಕ್ಕದ ಮನೆಯವರು ಬಂದು ನನಗೆ ಉಬ್ಬಸವೆಷ್ಟು ದಿನದಿಂದ ಎಂದು ವಿಚಾರಿಸಿದರು. ಹಳೆಯ ಕಾಲುಚೀಲಕ್ಕೆ ಗುಂಡಿ ಹೊಲಿದು ಮಾಡಿದ ಮೊಲವನ್ನು ಮುಕ್ತಾ ಮೂಸಿ ನೋಡಿ ದೂರ ಇಟ್ಟಳು. ಪ್ರಶ್ನೆ ಕೇಳಿದೆ: "ಹುಲಿ ಯಾಕ ಬಂತು ಹೇಳು ನೋಡೋಣ?"

"ನಿನಗ ಗೊತ್ತದ ಅಲ್ಲ ಅಜ್ಜಾ, ಮತ್ಯಾಕ ಕೇಳ್ತಿ? ಪರೀಕ್ಷಾ ಸಾಲ್ಯಾಗ ಆಗ್ಯಾವ."

ಸೋತು, ನನಗೆ ಬರುವ ಒಂದೇ ವಿದ್ಯೆಗೆ ಮರಳಿದೆ. ಮುತ್ಯಾನ ಕಥೆ ಹೇಳಿ, "ನೀ ಓದು, ನಾ ಹೂಂ ಅಂತೀನಿ," ಎಂದೆ. ಹುದ್ದೆ, ಸಂಬಳ, ಪುಸ್ತಕ ಮಡಚುವ ಅಧಿಕಾರ ಎಲ್ಲ ಅವಳಿಗೆ ಹಿಡಿಸಿದವು. ಒತ್ತಕ್ಷರ ಬಂದಲ್ಲಿ ಬಂಡಿಯ ಗಾಲಿ ಕಲ್ಲಿಗೆ ತಾಗಿದಂತೆ ತಡವರಿಸಿದರೂ ನಾಲ್ಕು ದಿನ ಚೆನ್ನಾಗಿ ಓದಿದಳು. ಕಥೆಗಳೆಲ್ಲ ನಾನು ಓದಿ ಆರಿಸಿದವು. ಮುಂದೇನೆಂದು ನನಗೆ ಗೊತ್ತು. ಐದನೆಯ ದಿನ ನನ್ನ ಕಣ್ಣು ಕಿಟಕಿಯ ಹೊರಗೆ ತರಕಾರಿ ಗಾಡಿಯ ಮೇಲಿತ್ತು. ಹೂಂ ಮಾತ್ರ ಮೂವತ್ತು ವರ್ಷದ ಅಭ್ಯಾಸಬಲದಿಂದ ತಾನೇ ತಾನಾಗಿ ಹೊರಡುತ್ತಿತ್ತು.

"ರಾಜ ಕುದುರೆ ಹತ್ತಿ ಕಾಡಿಗೆ ಹೋದನು."

"ಹೂಂ."

"ರಾಜನಿಗೆ ಹಸಿವೆಯಾಯಿತು."

"ಹೂಂ."

"ರಾಜ ನಮ್ಮ ಅಜ್ಜನ ಚಷ್ಮಾ ತಿಂದನು."

"ಹೂಂ."

"ಚಾದರಾನೂ ತಿಂದನು."

"ಹೂಂ."

ಓದು ನಿಂತಿತು. ತಿರುಗಿ ನೋಡಿದರೆ ಪುಸ್ತಕ ಮಡಚಿತ್ತು, ಅದರ ಮೇಲೆ ಎರಡು ಪುಟ್ಟ ಕೈಗಳಿದ್ದವು. "ಗ್ವಾಡಿಗೆ ಓದ್ಲೇನು?" ಎಂದಳು ಮುಕ್ತಾ. ಮುತ್ಯಾ ಸತ್ತು ಅರ್ಧ ಶತಮಾನದ ಮೇಲೆ ಅದೇ ಪ್ರಶ್ನೆಗೆ ನಾನು ಮತ್ತೊಮ್ಮೆ ತಲೆ ತಗ್ಗಿಸಿದೆ. ಅಂದಿನಿಂದ ಮುಷ್ಕರ. ಪುಠಾಣಿಯ ಆಮಿಷಕ್ಕೂ ಬಗ್ಗಲಿಲ್ಲ. ದಿವಾಳಿಗೆ ಹದಿನೈದು ದಿನ ಉಳಿದಿರುವಾಗ ಸ್ವಪ್ನಾಲಿ ಅಬ್ಯಾಕಸ್ ಟೀಚರಿಗೆ ಫೋನ್ ಮಾಡಿ ಬ್ಯಾಚಿನ ವೇಳೆ ಕೇಳುವುದು ನನ್ನ ಕಿವಿಗೆ ಬಿತ್ತು. ಅದನ್ನು ಮಾತ್ರ ಗಮನವಿಟ್ಟು ಕೇಳಿದೆ.

ಮರುದಿನ ರವಿವಾರ. ಮುಕ್ತಾಳನ್ನು ಕರೆದುಕೊಂಡು ಬಸ್ಸು ಹತ್ತಿ ಅಕ್ಕಲಕೋಟೆಗೆ, ನನ್ನ ಅಕ್ಕ ಗಂಗಕ್ಕನ ಮನೆಗೆ ಹೋದೆ. ಪುಸ್ತಕವನ್ನೂ ಚೀಲದಲ್ಲಿ ಕದ್ದು ಇಟ್ಟುಕೊಂಡಿದ್ದೆ. ಗಂಗಕ್ಕ ಶೇಂಗಾ ಕಟ್ಟಿಬಂದ ಕಾಗದವನ್ನೂ ಬಿಡದೆ ಓದುತ್ತಿದ್ದವಳು; ಈಗ ಎರಡೂ ಕಣ್ಣಿಗೆ ಪೊರೆ ಬಂದು ಅಕ್ಷರಗಳು ಇರುವೆಯ ಸಾಲಿನಂತೆ ಕಾಣುತ್ತವಂತೆ. ಚೀಲ ತಡವಿ ಪುಸ್ತಕವನ್ನು ಹೊರಗೆಳೆದವಳು ಅವಳೇ. "ಯಾರರ ಓದ್ರಿ. ಕತಿ ಇಲ್ದ ನನ್ನ ಕಿವಿ ಒಣಗ್ಯಾವ," ಎಂದಳು. ನಾನು ಕೈ ಚಾಚಿದೆ. "ನೀ ಬ್ಯಾಡ. ನಿನ್ನ ಓದು ಕೇಳಿದ್ರ ನಿದ್ದಿ ಬರ್ತದ," ಎಂದು ಮುಕ್ತಾಳ ತೊಡೆಯ ಮೇಲೆ ಇಟ್ಟಳು.

ಮುಕ್ತಾ ಒಲ್ಲದ ಮನಸ್ಸಿನಿಂದ ಆರಂಭಿಸಿದಳು. ದಾರಿ ತಪ್ಪಿದ ರಾಜ ಕಾಡಿನ ಮುದುಕಿಯೊಬ್ಬಳ ಗುಡಿಸಲಿಗೆ ಬಂದ. ಮುದುಕಿ ಅವನಿಗೆ ಒಲೆ ಊದಲು ಹೇಳಿದಳು.

"ಊದಾಕ ಬಂತೇನು ಅವಗ?" ಎಂದಳು ಗಂಗಕ್ಕ.

"ತಡಿ, ಓದ್ತೀನಿ."

"ಬಂದಿರಂಗಿಲ್ಲ ತಗೋ. ನಿಮ್ಮ ಅಜ್ಜಗೂ ಬರಂಗಿಲ್ಲ, ಅವ ರಾಜಾನೂ ಅಲ್ಲ."

ಮುಕ್ತಾ ನಕ್ಕಳು. ರಾಜನ ಪರ ವಕಾಲತ್ತು ವಹಿಸಿ, ಸಾಕ್ಷಿ ಹುಡುಕಲು ಸರಸರ ಮುಂದಿನ ಪುಟಕ್ಕೆ ಹೋದಳು. ರಾಜ ಒಲೆ ಹೊತ್ತಿಸಿದ್ದ. ಗಂಗಕ್ಕ ಒಪ್ಪಲಿಲ್ಲ; ಬರೆದವನಿಗೆ ಅಡುಗೆಮನೆ ಗೊತ್ತಿಲ್ಲವೆಂದಳು, ರಾಜ ಮುದುಕಿಯ ಕೋಳಿ ಕದ್ದೇ ಹೋಗುತ್ತಾನೆಂದು ಶಪಥ ಮಾಡಿದಳು. ಅವನು ಕದಿಯುವುದಿಲ್ಲವೆಂದು ತೋರಿಸಲು ಮುಕ್ತಾ ಇನ್ನೂ ನಾಲ್ಕು ಪುಟ ಓದಬೇಕಾಯಿತು. ಒತ್ತಕ್ಷರಗಳು ಎತ್ತ ಹೋದವೋ ತಿಳಿಯದು. ಅಕ್ಕನ ಬಾಯಿಂದ ಒಂದೇ ಒಂದು ಹೂಂ ಬರಲಿಲ್ಲ. ಚಹಾ ಸೋಸಲು ನನ್ನನ್ನು ಒಳಗೆ ಅಟ್ಟಲಾಗಿತ್ತು; ಅಲ್ಲಿಂದಲೇ ಕೇಳುತ್ತ ನಿಂತೆ. ನಾನು ಓದಿಸುತ್ತಿದ್ದೆ, ಗಂಗಕ್ಕನಿಗೆ ಕಥೆ ಬೇಕಾಗಿತ್ತು. ಮಕ್ಕಳಿಗೆ ಈ ವ್ಯತ್ಯಾಸ ಮೊದಲ ಸಾಲಿನಲ್ಲೇ ತಿಳಿಯುತ್ತದೆ. ಹೆಡ್ ಕ್ಲಾರ್ಕಿಗೆ ಚಹಾ ಆರುವ ತನಕ ಬೇಕು.

ಈಗ ಸಂಜೆ ಆರಕ್ಕೆ ಗಂಗಕ್ಕನೇ ಅಕ್ಕಲಕೋಟೆಯಿಂದ ಫೋನ್ ಹಚ್ಚುತ್ತಾಳೆ. ಪುಸ್ತಕ ಮುಕ್ತಾಳೇ ಆರಿಸುತ್ತಾಳೆ, ನಾನು ಮುಂದಾಗಿ ಇಣುಕುವುದಿಲ್ಲ. ದಿವಾಳಿ ಬಂತು. ಪಾಡ್ಯದ ದಿನ ಫೋನು ಮಧ್ಯದಲ್ಲೇ ಕಡಿದು ಓದು ನಿಂತಾಗ, ಅಡುಗೆಮನೆಯಲ್ಲಿ ಚಕ್ಕುಲಿ ಒತ್ತುತ್ತಿದ್ದ ಸ್ವಪ್ನಾಲಿ ಅಲ್ಲಿಂದಲೇ, "ಮಗ್ ಪುಢೇ?" ಎಂದು ಮರಾಠಿಯಲ್ಲಿ ಮುಂದಿನ ಕಥೆ ಕೇಳಿದಳು. ಅಬ್ಯಾಕಸ್ಸನ್ನು ರವಿವಾರಕ್ಕೆ ದೂಡಿರುವುದಾಗಿಯೂ ತಿಳಿಸಿದಳು.

ಫೋನು ಕಡಿದಿತ್ತಾದ್ದರಿಂದ ಅಂದು ಹೂಂ ಎನ್ನುವ ಕೆಲಸ ಹಂಗಾಮಿಯಾಗಿ ನನಗೆ ಸಿಕ್ಕಿತು. ಬೆನ್ನು ನೆಟ್ಟಗೆ ಮಾಡಿ, ಕಿಟಕಿಯ ಕಡೆ ತಿರುಗದೆ, ಒಂದೊಂದು ಪದವನ್ನೂ ತೂಗಿ ಕೇಳುತ್ತ ಕೂತೆ.

"ಕರಡಿ ಚಷ್ಮಾ ಹಾಕಿಕೊಂಡು ಪತ್ರ ಓದಿತು," ಎಂದಳು ಮುಕ್ತಾ.

"ಉಹೂಂ," ಎಂದೆ, ಈ ಸಲ ಸಿಕ್ಕಿಬೀಳುವವನು ನಾನಲ್ಲವೆಂಬ ಗರ್ವದಿಂದ.

ಅವಳು ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು. ಹಾಗೆಯೇ ಬರೆದಿತ್ತು. ಪಕ್ಕದಲ್ಲಿ ಕರಡಿಯ ಚಿತ್ರವೂ ಇತ್ತು. ಚಷ್ಮಾ ಥೇಟ್ ನನ್ನದೇ.

"ಯಾರ ಪತ್ರ ಅದು?" ಎಂದು ಕೇಳಿದೆ. ನನಗೆ ನಿಜಕ್ಕೂ ಗೊತ್ತಿರಲಿಲ್ಲ.

"ಹೂಂ," ಎಂದು ಈ ಸಲ ಮುಕ್ತಾಳೇ ನನಗೆ ಹೇಳಿ, ಉತ್ತರ ಹುಡುಕಲು ಪುಟ ತಿರುವಿದಳು.