ಅಣ್ಣ ಮತ್ತೆ ಮತ್ತೆ ಎಲೆ ನೋಡಿದ ವರ್ಷ

ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಅಣ್ಣ ಡಿಗ್ರಿ ಮುಗಿಸಿದ. ಮನೆಯಲ್ಲಿ ಅಮ್ಮನ ಕೈಕೆಲಸಕ್ಕೆ ಒಬ್ಬರು ಬೇಕಿತ್ತು, ಅದು ನಾನಾದೆ. ಅದರಲ್ಲಿ ಅಣ್ಣನ ತಪ್ಪೇನೂ ಇರಲಿಲ್ಲ. ಆದರೂ ಯಾವುದಾದರೊಂದರಲ್ಲಿ ಅವನನ್ನು ಸೋಲಿಸಬೇಕೆಂಬ ಆಸೆ ಐವತ್ತು ದಾಟಿದ ಮೇಲೂ ನನ್ನನ್ನು ಬಿಟ್ಟಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು.

ಗೋರೆಗಾಂವ್‌ನ ನನ್ನ ಮನೆಯಲ್ಲಿ ಪೋಕರ್ ಲೀಗ್ ಆಗಬೇಕೆಂದವನು ಅಣ್ಣ, ನಡೆಸಿದವಳು ನಾನು. ಅವನು ಗ್ರಾಂಟ್ ರೋಡ್‌ನ ಹೋಟೆಲೊಂದರಲ್ಲಿ ಮ್ಯಾನೇಜರ್. ಮೊಬೈಲಿನಲ್ಲಿ ಈ ಆಟ ಕಲಿತು ನಮಗೆಲ್ಲ ಕಲಿಸಿದ. ಗಣಪತಿ ಹಬ್ಬ ಮುಗಿದ ಮೇಲೆ ಸೀಸನ್ ಶುರು, ಮಳೆ ಬರುವ ಮೊದಲು ಫೈನಲ್. ವಾರ ಬಿಟ್ಟು ವಾರ, ಭಾನುವಾರ ಮಧ್ಯಾಹ್ನ ಐದಾರು ಜನ ಸೇರುತ್ತಿದ್ದೆವು. ಹಣ ಇಡುತ್ತಿರಲಿಲ್ಲ, ಅದರ ಬದಲು ಚಿಪ್ಸ್ ಎಂಬ ಪ್ಲಾಸ್ಟಿಕ್ ಬಿಲ್ಲೆ, ಗೆದ್ದರೆ ಪಾಯಿಂಟ್ ಅಷ್ಟೇ. ಟೇಬಲ್ ಹಾಕುವುದು, ಬಾರದವರಿಗೆ ಫೋನ್ ಮಾಡುವುದು, ಜಗಳ ಬಿಡಿಸುವುದು, ಗೋಳಿಬಜೆ ಕರಿಯುವುದು ಎಲ್ಲ ನನ್ನ ಕೆಲಸ. ಗೆದ್ದವರಿಗೆ ಒಂದು ಕಪ್. ಅಣ್ಣ ಚೋರ್ ಬಜಾರಿನಿಂದ ತಂದದ್ದು, ಯಾವುದೋ ಶಾಲೆಯ ಮಕ್ಕಳು ಕ್ಯಾರಂನಲ್ಲಿ ಗೆದ್ದದ್ದು. ಆ ಕಪ್ ಪ್ರತಿ ವರ್ಷ ವಿಕ್ರೋಳಿಗೆ, ಅಣ್ಣನ ಮನೆಗೇ ಹೋಗುತ್ತಿತ್ತು.

ಈ ಆಟದಲ್ಲಿ ಒಬ್ಬೊಬ್ಬರಿಗೆ ಎರಡು ಇಸ್ಪೀಟ್ ಎಲೆ, ಅದು ಅವರಿಗೆ ಮಾತ್ರ ಗೊತ್ತು. ಉಳಿದವು ಟೇಬಲ್ಲಿನ ನಡುವೆ ಎಲ್ಲರಿಗೂ ಕಾಣುವ ಹಾಗೆ ಬೀಳುತ್ತವೆ. ಅಣ್ಣ ತನ್ನ ಎರಡೆಲೆಯನ್ನು ಒಮ್ಮೆ ನೋಡಿದರೆ ಮುಗಿಯಿತು, ಮತ್ತೆ ಮುಟ್ಟುತ್ತಿರಲಿಲ್ಲ. ಆಮೇಲೆ ನಮ್ಮ ಮುಖ ನೋಡುತ್ತಾ ಕೂರುತ್ತಿದ್ದ. ನಮಗೂ ಅದನ್ನೇ ಹೇಳಿಕೊಟ್ಟಿದ್ದ. ಎಲೆಯಲ್ಲ, ಜನರನ್ನು ನೋಡಿ, ಯಾರು ಏನು ಅಭ್ಯಾಸ ಬದಲಿಸಿದರು ನೋಡಿ ಅಂತ.

ಆ ಚಳಿಗಾಲ ಬದಲಿಸಿದವನು ಅವನೇ. ಎಲೆಯ ಮೂಲೆ ಎತ್ತಿ ನೋಡುವುದು, ಇಡುವುದು, ಮತ್ತೆ ಎತ್ತುವುದು. ನಮ್ಮ ಜೊತೆ ಆಡುತ್ತಿದ್ದ ಧಾರವಾಡ ಕಡೆಯ ರಿಟೈರ್ಡ್ ಬ್ಯಾಂಕಿನವರೊಬ್ಬರು ಬಿಡುತ್ತಾರೆಯೇ?

"ಏನ್ರೀ, ಎಲಿ ಮರಿ ಹಾಕ್ಯಾವೇನು? ಅಷ್ಟ್ ಸಲ ನೋಡಾಕತ್ತೀರಲ್ಲ."

ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ನಮ್ಮನ್ನು ಮೋಸಗೊಳಿಸಲು ಹೊಸ ನಾಟಕ ಶುರು ಮಾಡಿದ್ದಾನೆ ಎಂದೇ ಎಲ್ಲರೂ ತಿಳಿದರು. ಅವನ ಪಕ್ಕದಲ್ಲಿ ಕೂತಿದ್ದ ನನಗೆ ಮಾತ್ರ ಅವನ ತುಟಿ ಅಲುಗುವುದು ಕಾಣುತ್ತಿತ್ತು. ಕೈಯಲ್ಲಿರುವುದನ್ನು ಅವನು ಬಾಯಿಪಾಠ ಮಾಡುತ್ತಿದ್ದ. ಆದರೂ ಮರೆಯುತ್ತಿದ್ದ.

ಅದೇ ದಿನಗಳಲ್ಲಿ ಒಮ್ಮೆ ಬಾತ್‌ರೂಮಿಗೆಂದು ಎದ್ದವನು ಬಟ್ಟೆಯ ಕಪಾಟಿನ ಬಾಗಿಲು ತೆಗೆದು ನಿಂತುಬಿಟ್ಟ. ವರ್ಷಗಟ್ಟಲೆ ಬಂದುಹೋದ ಮನೆ ಅದು. ನಾನು ಹಿಂದೆಯೇ ಹೋಗಿದ್ದೆ.

"ನಿನ್ನ ಅತ್ತಿಗೆಗೆ ಹೇಳ್ಬೇಡ ಮಾರಾಯ್ತಿ," ಎಂದ, ಮೆಲ್ಲಗೆ. "ಸುಮ್ನೆ ಹೆದರ್ತಾಳೆ. ನಿದ್ದೆ ಸರಿ ಇಲ್ಲ ಅಷ್ಟೆ."

ನಾನು ಹೇಳಲಿಲ್ಲ. ಅವನೇ ಬೇಡವೆಂದ, ಅದಕ್ಕೆ ಹೇಳಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ನಿಜ. ಇನ್ನರ್ಧ ಏನೆಂದರೆ, ಆ ಸೀಸನ್ನಿನಲ್ಲಿ ನಾನು ಮುಂದಿದ್ದೆ. ಅವನು ಎರಡನೆಯ ಸಲ ಎಲೆ ಎತ್ತಿದ ಕೂಡಲೇ ನಾನು ಚಿಪ್ಸ್ ಜಾಸ್ತಿ ಹಾಕುತ್ತಿದ್ದೆ. ಅವನಿಗೆ ಗಲಿಬಿಲಿಯಾಗುತ್ತಿತ್ತು, ಎಲೆ ಬಿಸಾಡಿ ಆ ಆಟ ಬಿಟ್ಟುಕೊಡುತ್ತಿದ್ದ. ಜನರನ್ನು ನೋಡು ಎಂದು ಅವನೇ ಕಲಿಸಿದ್ದನಲ್ಲ, ನೋಡಿದೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಾದದ್ದನ್ನು ಆಟದ ಗುಟ್ಟಿನ ಹಾಗೆ ಬಚ್ಚಿಟ್ಟುಕೊಂಡೆ. ಫೈನಲ್ ಮುಗಿಯಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡೆ.

ಫೈನಲ್‌ನಲ್ಲಿ ಕೊನೆಗೆ ಉಳಿದವರು ನಾವಿಬ್ಬರೇ. ನನ್ನ ಹತ್ತಿರ ಒಂಬತ್ತರ ಜೋಡಿ ಇತ್ತು. ಇದ್ದ ಚಿಪ್ಸನ್ನೆಲ್ಲ ಮುಂದೆ ದೂಡಿದೆ. ಅಣ್ಣ ಎಲೆ ನೋಡಿದ, ನನ್ನನ್ನು ನೋಡಿದ, ಮತ್ತೆ ಎಲೆ ನೋಡಿದ. ಕೊನೆಗೆ ಸಾಕಾದವನಂತೆ ಎಲೆ ಮಗುಚಿ ದೂಡಿಬಿಟ್ಟ. ಇನ್ನೆರಡು ಆಟದಲ್ಲಿ ಅವನ ಚಿಪ್ಸ್ ಖಾಲಿಯಾಯಿತು. ಮಗುಚಿದ್ದ ಆ ಎಲೆಗಳನ್ನು ಒಟ್ಟುಮಾಡುವಾಗ ನಾನು ಕಂಡಿದ್ದೆ. ಎರಡು ರಾಜ. ಅವನೇ ಗೆಲ್ಲಬೇಕಿತ್ತು.

ಕಪ್ಪನ್ನು ನನ್ನ ಕೈಗೆ ಕೊಟ್ಟು ತಲೆ ಸವರಿದ. "ಅಂತೂ ಕಲಿತಿ," ಎಂದ. ಅವನಿಗೆ ನಿಜವಾಗಿಯೂ ಖುಷಿಯಾಗಿತ್ತು.

ಹೇಳುವುದು ನಾಳೆ, ನಾಡಿದ್ದು ಎನ್ನುತ್ತಿರುವಾಗಲೇ ಅವನು ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಬಿದ್ದ. ತಲೆಯೊಳಗೆ ಗಡ್ಡೆ. ಯಾವಾಗಿನಿಂದ ಹೀಗೆ ಎಂದು ಡಾಕ್ಟರು ಕೇಳಿದರು. ಒಂದು ವಾರದಿಂದ ತಲೆನೋವು ಎನ್ನುತ್ತಿದ್ದರು, ಅಷ್ಟೇ ಎಂದರು ಅತ್ತಿಗೆ. ಡಾಕ್ಟರು ನನ್ನ ಕಡೆ ತಿರುಗಿ, ನೀವೇನಾದರೂ ಗಮನಿಸಿದ್ದಿರಾ ಎಂದರು. ಇಲ್ಲ ಎಂದೆ. ಗಡ್ಡೆ ಸಣ್ಣದಿರುವಾಗಲೇ ಬಂದಿದ್ದರೆ ತೆಗೆಯಲು ನೋಡಬಹುದಿತ್ತು ಎಂದರು ಅವರು. ಆ ಮಳೆಗಾಲ ಮುಗಿಯುವುದರೊಳಗೆ ಅಣ್ಣ ಹೋದ.

ಲೀಗ್ ನಿಂತಿತು. ಅತ್ತಿಗೆ ಮಾತ್ರ ಭಾನುವಾರ ಬರತೊಡಗಿದರು. ನಿಮ್ಮ ಆಟದಿಂದಲೇ ಅವರು ಕೊನೆಯ ವರ್ಷ ನಗುತ್ತಾ ಇದ್ದರು ಎನ್ನುತ್ತಿದ್ದರು. ಏನು ತಮಾಷೆ ಮಾಡಿದರು, ಯಾರನ್ನು ರೇಗಿಸಿದರು, ಎಷ್ಟು ಗೋಳಿಬಜೆ ತಿಂದರು, ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಹೇಳಿದ್ದನ್ನೇ ಮತ್ತೆ ಹೇಳಿಸುತ್ತಿದ್ದರು. ನಾನು ಹೇಳುತ್ತಿದ್ದೆ, ಒಂದನ್ನು ಬಿಟ್ಟು.

ಹೋದ ತಿಂಗಳು ಬಸಳೆ ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ಅವರು ತಲೆ ಎತ್ತದೆ ಕೇಳಿದರು. "ಅವರು ಮನೇಲಿ ನನ್ನ ಹತ್ರ ಮುಚ್ಚಿಟ್ಟಿರ್ಬಹುದು. ಇಲ್ಲಿ ನಿಮ್ಗೆ ಯಾರಿಗೂ ಎಂತದೂ ಗೊತ್ತಾಗ್ಲಿಲ್ವಾ?"

"ನನಗೆ ಗೊತ್ತಿತ್ತು ಅತ್ತಿಗೆ."

ಅವರ ಕೈ ನಿಂತಿತು. "ಯಾವಾಗಿಂದ?"

"ಚಳಿ ಶುರುವಾದಾಗಿಂದ. ಅಣ್ಣ ಹೇಳ್ಬೇಡ ಅಂದ. ಆದ್ರೆ ಅದಕ್ಕಲ್ಲ. ನಂಗೆ ಗೆಲ್ಬೇಕಿತ್ತು."

ಅವರು ಉಳಿದ ಸೊಪ್ಪನ್ನೂ ಬಿಡಿಸಿ, ದಂಟನ್ನು ಬೇರೆ ಇಟ್ಟು, ಕೈ ತೊಳೆದು ಚಪ್ಪಲಿ ಹಾಕಿಕೊಂಡರು. ರಿಕ್ಷಾ ತನಕ ಬರುತ್ತೇನೆ ಎಂದೆ. ಬೇಡ ಎಂದರು.

ಈಗ ಭಾನುವಾರ ನಾನೇ ಫೋನ್ ಮಾಡುತ್ತೇನೆ. ಎತ್ತುತ್ತಾರೆ. ಊಟ ಆಯಿತು ಎನ್ನುತ್ತಾರೆ, ನಿನ್ನದಾಯಿತಾ ಎಂದು ಕೇಳುತ್ತಾರೆ. ಅಣ್ಣನ ಸುದ್ದಿ ಮಾತ್ರ ಕೇಳುವುದಿಲ್ಲ.