ಹೊಸ್ತಿಲಾಚೆ ನಿಂತಿದ್ದ ಇಬ್ಬರು

ಗಂಜಿ ಹಾಕಿ ಒಣಗಿಸಿದ ಸೀರೆ ಮಡಚಲು ಕೂತರೆ ಸಾಕು, ಆ ಹುಳಿವಾಸನೆ ನನ್ನನ್ನು ಅವಿನಾಶಿಯ ಹತ್ತಿರದ ನಮ್ಮ ನೇಕಾರರ ಬೀದಿಗೆ ಎಳೆದೊಯ್ಯುತ್ತದೆ. ಎಂಬತ್ತರ ದಶಕ. ಇಡೀ ಬೀದಿಗೆ ಮನೆಯೊಳಗೆ ಕನ್ನಡ, ಹೊರಗೆ ತಮಿಳು. ಅದರಲ್ಲಿ ಯೇಸುವನ್ನು ನಂಬಿದವರು ಏಳೇ ಮನೆ. ಹಳೆಯ ನೂಲಿನ ಗೋದಾಮೇ ನಮ್ಮ ಪ್ರಾರ್ಥನಾ ಮನೆ. ಎಷ್ಟು ಸುಣ್ಣ ಬಳಿದರೂ ಗಂಜಿ ವಾಸನೆ ಹೋಗಿರಲಿಲ್ಲ.

ಅಲ್ಲೊಂದು ಪದ್ಧತಿಯಿತ್ತು. ತಿಂಗಳ ಮೊದಲ ಭಾನುವಾರ ಪ್ರಭುಭೋಜನ, ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಹಂಚಿ ತಿನ್ನುವುದು. ಆದರೆ ನಮ್ಮಲ್ಲಿ ಯಾರಾದರೂ ಇಬ್ಬರು ಮಾತು ಬಿಟ್ಟಿದ್ದರೆ ಪಾಸ್ಟರ್ ರೊಟ್ಟಿ ಮುರಿಯುತ್ತಿರಲಿಲ್ಲ. ಹೆಸರೆತ್ತುತ್ತಿರಲಿಲ್ಲ, ಬೈಯುತ್ತಿರಲಿಲ್ಲ, "ನಮ್ಮ ಆಸೆ ಎಳೆದತ್ತ ಅಲ್ಲ, ದೇವರ ಆತ್ಮ ನಡೆಸಿದತ್ತ ಹೋಗೋಣ" ಎಂದು ಸುಮ್ಮನೆ ಕೂತುಬಿಡುವರು. ಜಗಳವಾಡಿದವರು ಎದ್ದು ಕೈ ಹಿಡಿಯುವವರೆಗೂ ಎಲ್ಲರೂ ಕಾಯಬೇಕು. ಹಸಿವು ತಡೆಯದ ನಾನು ಎಷ್ಟೋ ಸಲ ಆ ಜಗಳಗಂಟರಿಗೆ ಮನಸ್ಸಿನಲ್ಲೇ ಶಾಪ ಹಾಕಿದ್ದೇನೆ, ಪ್ರಾರ್ಥನೆ ಮಾಡುವವಳ ಹಾಗೆ ಕಣ್ಣು ಮುಚ್ಚಿಕೊಂಡು!

ಒಂದು ಸಲ ಜಗಳ ನಮ್ಮ ಮನೆಯದೇ ಆಯಿತು. ನನಗೂ ನನ್ನ ವಾರಗಿತ್ತಿ ರತ್ನಳಿಗೂ. ಮನೆಯಲ್ಲಿ ಎರಡು ಮಗ್ಗ, ಕಿಟಕಿ ಒಂದೇ. ಕಿಟಕಿ ಪಕ್ಕದ ಮಗ್ಗಕ್ಕೆ ಒಳ್ಳೆ ಬೆಳಕು. ಕಡಿದ ಎಳೆ ಬೇಗ ಕಾಣುತ್ತದೆ. ನನಗೂ ಅದೇ ಬೇಕು, ಅವಳಿಗೂ ಅದೇ. ಹಿರಿಯಳು ನಾನು ಎಂದು ಹೋಗಿ ಕೂತುಬಿಟ್ಟೆ. ಮೂರು ವಾರ ಮಾತಿಲ್ಲ.

ತಿಂಗಳ ಮೊದಲ ಭಾನುವಾರ ಪಾಸ್ಟರ್ ರೊಟ್ಟಿ ಮುರಿಯದೆ ಕೂತರು. ನಡುಹಗಲಾಯಿತು. ಕರೆಂಟ್ ಹೋಗಿ ಅಕ್ಕಪಕ್ಕದ ಪವರ್‌ಲೂಮ್‌ಗಳೂ ತಟ್ಟನೆ ನಿಂತವು. ಅಷ್ಟು ನಿಶ್ಶಬ್ದವನ್ನು ಆ ಬೀದಿಯಲ್ಲಿ ನಾನು ಕಂಡಿರಲಿಲ್ಲ. ಆಗ ಮೂಲೆಯ ಚಾಪೆಯಲ್ಲಿದ್ದ ಹುಟ್ಟುಕುರುಡಿ ಎಸ್ತರವ್ವ ಬಾಗಿಲ ಕಡೆ ಮುಖ ತಿರುಗಿಸಿದಳು.

"ಯಾರದು ಇಬ್ರು ಹೆಂಗಸ್ರು, ವಾಸಲ್‌ತಾವ ನಿಂತವ್ರೆ? ಪಾವಂ, ಬಿಸ್ಲು. ಒಳಿಕ್ಕೆ ಕೂಗ್ರಿ."

ಎಲ್ಲರೂ ತಿರುಗಿದೆವು. ಬಾಗಿಲಲ್ಲಿ ಬಿಸಿಲು ಬಿಟ್ಟರೆ ಏನೂ ಇಲ್ಲ. "ಯಾರೂ ಇಲ್ಲ ಅವ್ವಾ" ಎಂದರು ಪಾಸ್ಟರ್.

"ಇಲ್ಲೇ ಅವ್ರೆ! ಒಬ್ಳು ಈ ಕಡೆ ಮಖ, ಇನ್ನೊಬ್ಳು ಆ ಕಡೆ."

ರತ್ನ ಎದ್ದು ಬಂದು ನನ್ನ ಕೈ ಹಿಡಿದಳು. "ಜನ್ನಲ್ ಪಕ್ಕದ ಮಗ್ಗ ನೀನೇ ಇಟ್ಕೊ ಅಕ್ಕಾ. ನಂಗೆ ಬೇಡ."

"ಆಗ್ಲಿ ಬಿಡು" ಎಂದೆ, ಬಹಳ ದೊಡ್ಡ ಮನಸ್ಸಿನವಳಂತೆ. ಪಾಸ್ಟರ್ ರೊಟ್ಟಿಗೆ ಕೈಯಿಟ್ಟರು.

"ಇರಪ್ಪಾ" ಎಂದಳು ಎಸ್ತರವ್ವ. "ಒಬ್ಳು ಬಂದ್ಳು. ಇನ್ನೊಬ್ಳು ಅಂಗೇ ನಿಂತವ್ಳೆ."

ಅದು ಯಾರೆಂದು ನನಗೆ ಗೊತ್ತಿತ್ತು. ಕೈ ಹಿಡಿದಾಗಲೂ ನನ್ನ ತಲೆಯಲ್ಲಿದ್ದದ್ದು ಒಂದೇ: ಜಾಗ ಸಿಕ್ಕಿತು. ಎಸ್ತರವ್ವ ಪಕ್ಕಕ್ಕೆ ಸರಿದು ಚಾಪೆಯಲ್ಲಿ ಯಾರಿಗೋ ಜಾಗ ಮಾಡಿದಳು, ಕಾದಳು, ಕೊನೆಗೆ ಇಲ್ಲವೆಂದು ತಲೆಯಾಡಿಸಿದಳು. ಪಾಸ್ಟರ್ ರೊಟ್ಟಿಯ ಮೇಲೆ ಬಟ್ಟೆ ಹೊದಿಸಿದರು. ಏಳು ಮನೆಯವರೂ ಭೋಜನವಿಲ್ಲದೆ ಹೊರಟುಹೋದರು.

ಮುಂದಿನ ತಿಂಗಳಷ್ಟರಲ್ಲಿ ಎಸ್ತರವ್ವ ತೀರಿಕೊಂಡಿದ್ದಳು. ಪಾಸ್ಟರ್ ಕೇಳಿದಾಗ "ಎಲ್ಲ ಸರಿಹೋಯಿತು" ಎಂದೆ. ಪಾಪ, ನಂಬಿದರು. ರೊಟ್ಟಿ ಮುರಿದರು, ನಾನೂ ತಿಂದೆ.

ಇದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಪ್ರತಿ ಸಲ ಒಂದು ಮಾತು ನುಂಗಿದ್ದೇನೆ. ನಿಮಗೂ ಈಗ ನುಂಗಿಯೇ ಹೇಳಿದೆ, ನೋಡಿ. ಜಗಳದ ಹೊತ್ತಿಗಾಗಲೇ ರತ್ನಳ ಕಣ್ಣು ಮಬ್ಬಾಗುತ್ತಿತ್ತು. ಅದಕ್ಕೇ ಅತ್ತೆ ಕಿಟಕಿ ಪಕ್ಕದ ಮಗ್ಗ ಅವಳಿಗೆ ಕೊಟ್ಟಿದ್ದರು. ನನಗದು ಗೊತ್ತಿತ್ತು. ಗೊತ್ತಿದ್ದೇ ಹೋಗಿ ಕೂತೆ.

ರತ್ನ ಈಗ ಮೆಟ್ಟುಪಾಳ್ಯದಲ್ಲಿ ಮಗಳ ಮನೆಯಲ್ಲಿದ್ದಾಳೆ. ಕಣ್ಣು ಪೂರ್ತಿ ಹೋಗಿದೆ. ನಾಳೆ ಬೆಳಿಗ್ಗೆ ಬಸ್ಸು ಹತ್ತುತ್ತೇನೆ. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳುತ್ತೇನೆ. ಅವಳು ಕರೆದರೆ ಒಳಗೆ ಹೋಗುತ್ತೇನೆ.