ಜರ್ಮನ್ ಬರುವವರಿಗೆ ಕೊಡಿ

ಎಲಿಫ್, ನಿನ್ನ ಕೆಲಸ ಹೋಗಿದ್ದು ನನ್ನಿಂದ. ಗ್ರಾಹಕರಿಂದಲ್ಲ, ಕಂಪನಿಯ ನಿಯಮದಿಂದಲ್ಲ — ನಾನು ಬರೆದ ಒಂದು ಸುಳ್ಳು ವಾಕ್ಯದಿಂದ. ಇದನ್ನು ನಿನಗೆ ಜರ್ಮನ್‌ನಲ್ಲಿ ಬರೆಯಲು ಮೂರು ಸಲ ಕೂತೆ; ಮೂರು ಸಲವೂ ಚೆಂದದ ಮಾತು ಹುಡುಕುತ್ತಾ ಕೂತುಬಿಟ್ಟೆ. ಆ ಚಾಳಿಯೇ ನನಗೆ ಸಾಕಾಗಿಹೋಗಿದೆ. ಮೊದಲು ಕನ್ನಡದಲ್ಲಿ ಕಕ್ಕಿಬಿಡುತ್ತೇನೆ.

ಐರ್ಲೆಂಡಿನ ಸ್ಯಾಂಡಿಫರ್ಡ್‌ನ ನಮ್ಮ ಆಫೀಸಿನಲ್ಲಿ ಜರ್ಮನಿಯ ಗ್ರಾಹಕರ ದೂರು ಕೇಳುವವರು ಹತ್ತು ಜನ. ಫೋನಿಗೆಂದೇ ಒಂದು ಜರ್ಮನ್ ಹೆಸರು ಇಟ್ಟುಕೊಳ್ಳುವುದು ಅಲ್ಲಿಯ ಪದ್ಧತಿ. ಮೈಸೂರಿನ ಸುಮಿತ್ರಾ ಒಂಬತ್ತರಿಂದ ಐದರವರೆಗೆ ಸೋಫಿ. ಸಂಜೆ ತರಗತಿಯಲ್ಲಿ ಕಲಿತ, ಇಸ್ತ್ರಿ ಮಡಿಕೆ ಕೆಡದ ಜರ್ಮನ್ ನನ್ನದು. ನೀನು ಬರ್ಲಿನ್‌ನಲ್ಲಿ ಹುಟ್ಟಿ ಬೆಳೆದವಳು. ನಿನ್ನ ಅಜ್ಜ ಟರ್ಕಿಯಿಂದ ಅಲ್ಲಿಯ ಕಾರ್ಖಾನೆಗೆ ಬಂದವರು. ಬೇರೆ ಹೆಸರು ಬೇಡವೆಂದೆ ನೀನು. "ನಮ್ಮೂರಿನವರ ಜೊತೆ ಮಾತಾಡೋಕೆ ನನಗ್ಯಾಕೆ ಇನ್ನೊಂದು ಹೆಸರು?"

ಅಲ್ಲಿಂದ ಶುರುವಾಯಿತು ನೋಡು. ಹೆಸರು ಕೇಳಿದ ಕೂಡಲೇ ಕೆಲವರು "ನಿಜವಾಗಿ ಎಲ್ಲಿಯವರು?" ಎನ್ನುತ್ತಿದ್ದರು. ಶಾಲೆ, ಪಾಸ್‌ಪೋರ್ಟು, ಬೈಗುಳ — ಎಲ್ಲವೂ ಜರ್ಮನ್ ಆದರೂ ಸಾಲದು ಅವರಿಗೆ. ವಾಷಿಂಗ್ ಮೆಷಿನ್ ಕೆಟ್ಟಿದೆಯೆಂದು ಫೋನ್ ಮಾಡಿದ ಒಬ್ಬಾತ, ಹೊರಗಿನವರಿಂದ ದೇಶ ಕೆಟ್ಟಿತೆಂದು ಐದು ನಿಮಿಷ ಕೊರೆದು, "ಜರ್ಮನ್ ಬರುವವರಿಗೆ ಕೊಡಿ" ಎಂದ. ನೀನು ಕರೆಯನ್ನು ಕೊಟ್ಟಿದ್ದು ಯಾರಿಗೆ? ನನಗೆ. ಸೋಫಿ ಎರಡು ಮಾತಾಡಿದಳು. "ಅಂತೂ ನಮ್ಮವರೊಬ್ಬರು ಸಿಕ್ಕರು" ಎಂದು ಆತ ನಿಟ್ಟುಸಿರು ಬಿಟ್ಟ. ನಾನು ಮೈಸೂರಿನವಳು ಮಾರಾಯ, ನನಗಿಂತ ಮೊದಲು ಮಾತಾಡಿದವಳೇ ನಿಮ್ಮವಳು ಎನ್ನಬಹುದಿತ್ತು. ಥ್ಯಾಂಕ್ಸ್ ಎಂದೆ. ಖುಷಿಯೂ ಆಯಿತು — ಆ ಖುಷಿ ನೆನೆದರೆ ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

ರೆಕಾರ್ಡ್ ಆದ ಕರೆಗಳನ್ನು ಕೇಳಿ ಹೊಸಬರ ಬಗ್ಗೆ ಷರಾ ಬರೆಯುವುದು ನನ್ನ ಕೆಲಸವಾಗಿತ್ತು. ನಿನ್ನ ಪ್ರೊಬೇಷನ್ ಮುಗಿಯುವ ವಾರ ಬರೆದೆ: "ಇವರ ಜರ್ಮನ್ ಗ್ರಾಹಕರಿಗೆ ಅರ್ಥವಾಗುತ್ತಿಲ್ಲ."

ಅರ್ಥವಾಗುತ್ತಿತ್ತು, ಎಲಿಫ್. ಒಂದೊಂದು ಮಾತೂ. ಸಿಡುಕಿಕೊಂಡೇ ಫೋನ್ ಮಾಡಿದ ಅಜ್ಜಿಯರನ್ನು ನೀನು ನಗಿಸಿ ಕಳಿಸುತ್ತಿದ್ದೆ. ಆ ಸಲೀಸು ನನಗೆ ಈ ಜನ್ಮದಲ್ಲಿ ಬರುವುದಿಲ್ಲ. ನೀನು ಪಕ್ಕದಲ್ಲಿದ್ದರೆ ನನ್ನದು ಬರೀ ಬಾಯಿಪಾಠ ಎಂದು ಎಲ್ಲರಿಗೂ ತಿಳಿಯುತ್ತದೆ — ಅಷ್ಟೇ ನನ್ನ ಭಯ. ಜರ್ಮನ್ ಬಾರದ ಐರಿಷ್ ಮ್ಯಾನೇಜರ್‌ಗೆ ನನ್ನ ಮಾತೇ ವೇದವಾಕ್ಯ.

ಕೊನೆಯ ದಿನ ಕೋಟು ಹಾಕಿಕೊಳ್ಳುತ್ತಾ ನೀನು ಕೇಳಿದೆ: "ಹುಟ್ಟಿದಾಗಿಂದ ಆಡ್ತಿರೋ ಭಾಷೆ ಇದು. ಇನ್ನೆಲ್ಲಿಗೆ ಹೋಗಿ ಕಲೀಲಿ, ಸೋಫಿ?" ಅಲ್ಲಿಯವರೆಗೆ ನೀನು ನನ್ನನ್ನು ಯಾವತ್ತೂ ಹಾಗೆ ಕರೆದಿರಲಿಲ್ಲ.

ಎರಡು ವರ್ಷವಾಯಿತು. ಮೊನ್ನೆ ಮ್ಯಾನೇಜರ್ ನನ್ನ ಆ ಷರಾವನ್ನೇ, ನಿನ್ನ ಹೆಸರು ಅಳಿಸಿ, ಹೊಸಬರ ತರಬೇತಿಗೆ ಮಾದರಿಯೆಂದು ಆರಿಸಿದ. ಅದು ಸುಳ್ಳು, ಬೇಕೆಂದೇ ಬರೆದದ್ದು ಎಂದೆ. "ಹಳೇ ಕಥೆ ಬಿಡು, ಯೂ ಆರ್ ಗ್ರ್ಯಾಂಡ್" ಎಂದು, ಏನೂ ಪರವಾಗಿಲ್ಲ ಎನ್ನುವ ಇಲ್ಲಿಯವರ ಧಾಟಿಯಲ್ಲಿ, ಕಾಫಿಗೆ ಹೊರಟ. ತಪ್ಪೊಪ್ಪಿಕೊಳ್ಳಲೂ ಬಿಡದ ಈ ಒಳ್ಳೆಯತನವನ್ನು ಏನು ಮಾಡಲಿ ಹೇಳು.

ಸೋಮವಾರ ಆ ತರಬೇತಿ ಕೊಡಬೇಕಾದವಳು ನಾನೇ. ಷರಾ ಪರದೆಯ ಮೇಲೆ ಬಂದಾಗ, ಅಳಿಸಿಹಾಕಿದ ಜಾಗದಲ್ಲಿ ಯಾರ ಹೆಸರಿತ್ತು, ಬರೆದವರು ಯಾರು, ಯಾಕೆ — ಮೂರನ್ನೂ ಹೇಳುತ್ತೇನೆ. ಅದರಿಂದ ನಿನ್ನ ಕೆಲಸ ನಿನಗೆ ವಾಪಸ್ ಸಿಗುವುದಿಲ್ಲ.